ಅಳವು ಮತ್ತು ಅಳತೆ

ಒಂದು ವಸ್ತುವನ್ನು ಮಾಡಿದವನು ‘ಇದರಿಂದ ಇಷ್ಟು ಕೆಲಸ ತೆಗೆದುಕೊಳ್ಳಬಹುದು’ ಎಂದು ಬರೆದು ಕೊಟ್ಟ ಮೇಲೆ, ಕೊಂಡವನು ಅದಕ್ಕಿಂತ ಹೆಚ್ಚು ತೆಗೆಯುವುದು ನ್ಯಾಯವೇ? ಎತ್ತು, ಆಳು ಇವರ ವಿಷಯದಲ್ಲಿ ಈ ಪ್ರಶ್ನೆ ಹಳೆಯದು. ಉತ್ತರವೂ ಗೊತ್ತಿರುವುದೇ, ಪಾಲಿಸುವವರು ಕಡಿಮೆ ಎಂಬುದು ಬೇರೆ ಮಾತು. ಆದರೆ ಜಡವಸ್ತುವಿಗೆ ನೋವಿಲ್ಲ, ದೂರು ಹೇಳುವ ಬಾಯಿಲ್ಲ. ಅದರ ವಿಷಯದಲ್ಲಿ ನ್ಯಾಯದ ಮಾತು ಎಲ್ಲಿಂದ ಬರಬೇಕು? ನಮ್ಮ ಸೇಡಂ, ಚಿತ್ತಾಪುರ, ವಾಡಿಯ ಕಡೆಯ ಕೆಲವು ಹುಡುಗರು ಮಾಡುವ ಒಂದು ಕೆಲಸವನ್ನು ನೋಡಿದ ಮೇಲೆ ನನಗೆ ಇದರ ಬಗೆಗೆ ಯೋಚನೆ ಹತ್ತಿತು.

ಈ ಹುಡುಗರು ಬಿಡಿಭಾಗಗಳನ್ನು ತರಿಸಿ ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸುತ್ತಾರೆ. ಕೆಲವರಿಗೆ ಆಟ ಆಡಲು ಬೇಕು, ಕೆಲವರಿಗೆ ಮದುವೆಯ ವಿಡಿಯೋ ಎಡಿಟಿಂಗ್ ಮಾಡಲು. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂಬ ಹಲಗೆಯಿದೆ. ತೆರೆಯ ಮೇಲಿನ ಒಂದೊಂದು ಚುಕ್ಕೆಗೂ ಯಾವ ಬಣ್ಣ ಎಂದು ಲೆಕ್ಕ ಹಾಕುವುದು ಅದರ ಕೆಲಸ. ಆ ಲೆಕ್ಕಕ್ಕೆ ತಾಳ ಹಾಕುವ ಒಂದು ಗಡಿಯಾರ ಒಳಗಿರುತ್ತದೆ. 1,800 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 180 ಕೋಟಿ ತಾಳ. ತಯಾರಕ ಗೊತ್ತುಮಾಡಿದ ಈ ತಾಳವನ್ನು ಇನ್ನೂ ಚುರುಕುಗೊಳಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಇದಕ್ಕೆ ಅವಕಾಶ ಹೇಗೆ ಬಂತು ಎಂಬುದನ್ನು ಶಹಾಬಾದಿನ ಫರಸಿಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಗಣಿಯಿಂದ ಎಬ್ಬಿಸಿದ ಎರಡು ಹಾಸುಗಲ್ಲುಗಳು ಒಂದೇ ಸಮನಾಗಿ ಗಟ್ಟಿಯಿರುವುದಿಲ್ಲ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೂ ಹಾಗೆಯೇ. ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕೆ ಬರೆಯುತ್ತ ಕೂರುವುದು ತಯಾರಕನಿಗೆ ಆಗದ ಮಾತು. ಆ ದರ್ಜೆಯಲ್ಲಿ ಎಲ್ಲಕ್ಕಿಂತ ಬಡವಾದ ಚಿಪ್ಪೂ ವರ್ಷಗಟ್ಟಲೆ ಹೊರಬಲ್ಲಷ್ಟು ಹೊರೆಯನ್ನು ಎಲ್ಲಕ್ಕೂ ಗೊತ್ತುಮಾಡುತ್ತಾನೆ. ಆದ್ದರಿಂದ ಬಹಳಷ್ಟು ಚಿಪ್ಪುಗಳಲ್ಲಿ ಒಂದಿಷ್ಟು ಬಲ ಬಳಸದೆ ಉಳಿದಿರುತ್ತದೆ. ಹಳಗನ್ನಡದಲ್ಲಿ ‘ಅಳವು’ ಎಂಬ ಮಾತಿಗೆ ಅಳತೆ ಎಂದೂ ಅರ್ಥ, ಶಕ್ತಿ ಎಂದೂ ಅರ್ಥ. (ಮಳಖೇಡ ನಮ್ಮ ಸೇಡಂ ತಾಲ್ಲೂಕಿನಲ್ಲೇ ಇರುವುದರಿಂದ ಹಳಗನ್ನಡವನ್ನು ನಡುವೆ ಎಳೆತರುವ ಹಕ್ಕು ನಮಗೆ ಸ್ವಲ್ಪ ಹೆಚ್ಚೆಂದು ಭಾವಿಸಿದ್ದೇನೆ.) ಪೆಟ್ಟಿಗೆಯ ಮೇಲೆ ಬರೆದಿರುವುದು ಮೊದಲ ಅರ್ಥದ ಅಳವು, ಹುಡುಗರು ಹುಡುಕುವುದು ಎರಡನೆಯದನ್ನು. ದುಬಾರಿ ಕಾರ್ಡು ಕೊಳ್ಳಲಾರದವನು ತನ್ನ ಅಗ್ಗದ ಕಾರ್ಡಿನಲ್ಲಿ ಅಡಗಿರುವುದನ್ನು ಹೊರಗೆ ತೆಗೆದರೆ ಅದನ್ನು ದುರಾಸೆ ಎನ್ನಲು ನನಗೆ ಮನಸ್ಸು ಬಾರದು.

ಆದರೆ ಬೆಲೆ ಕೊಡದೆ ಏನೂ ಬರುವುದಿಲ್ಲ. ಕಾರ್ಡು ನುಂಗುವ ವಿದ್ಯುತ್ತು ತಾಳದ ವೇಗದೊಡನೆ ಸಮನಾಗಿ ಏರುತ್ತದೆ, ವೋಲ್ಟೇಜಿನೊಡನೆಯಾದರೋ ಅದರ ವರ್ಗದಷ್ಟು ಏರುತ್ತದೆ. ವೇಗವನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಲು ವೋಲ್ಟೇಜನ್ನೂ ಅಷ್ಟೇ ಪಾಲು ಹೆಚ್ಚಿಸಬೇಕಾಗಿ ಬಂದರೆ, ಖರ್ಚು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬೆಳೆಯಿತು. ಅದೆಲ್ಲ ಕಾವಾಗಿ ಹೊರಬರಬೇಕು.

ಈಗ ಪರೀಕ್ಷೆಯ ಮಾತು. ಹುಡುಗರು ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ, ಒಂದೊಂದು ಮೆಟ್ಟಿಲಿಗೂ ಪರೀಕ್ಷೆ ನಡೆಸುತ್ತಾರೆ. ಫರ್‌ಮಾರ್ಕ್ ಎಂಬುದರಲ್ಲಿ ರೋಮ ತುಂಬಿದ ಬಳೆಯೊಂದು ತೆರೆಯ ಮೇಲೆ ತಿರುಗುತ್ತಿರುತ್ತದೆ, ಉದ್ದಿನ ವಡೆಗೆ ಕೂದಲು ಬೆಳೆದಂತೆ. ಒಂದೊಂದು ಕೂದಲನ್ನೂ ಚಿತ್ರಿಸುತ್ತ ಕಾರ್ಡು ಬೆವರುತ್ತದೆ. ತ್ರೀಡಿಮಾರ್ಕ್ ಎಂಬ ಇನ್ನೊಂದರಲ್ಲಿ ಒಂದೇ ದೃಶ್ಯ 20 ಸಲ ಓಡುತ್ತದೆ. ವೇಗ ಶೇಕಡಾ 97ರಷ್ಟಾದರೂ ಸ್ಥಿರವಾಗಿ ನಿಂತರೆ ಪಾಸು. ನಮ್ಮ ವಿಶ್ವವಿದ್ಯಾಲಯಗಳು ಇಷ್ಟು ನಿರ್ದಯವಲ್ಲ. ಮಿತಿ ಮೀರಿದರೆ ತೆರೆಯ ಮೇಲೆ ಬೇಡದ ಚುಕ್ಕೆಗಳು ಮಿನುಗುತ್ತವೆ, ಇಲ್ಲವೇ ತೆರೆಯೇ ಕಪ್ಪಾಗುತ್ತದೆ.

ಹೀಗೆ ಕುಸಿದು ಬೀಳುವ ಕಾರ್ಡು ಪ್ರಾಮಾಣಿಕ ಕಾರ್ಡು. ನನ್ನನ್ನು ಚಿಂತೆಗೆ ಹಚ್ಚಿದ್ದು ಕುಸಿಯದೆ ತಪ್ಪುವ ಕಾರ್ಡು. ಈಚಿನ ಕಾರ್ಡುಗಳಲ್ಲಿ ಮೆಮೊರಿಯಿಂದ ಬರುವಾಗ ಅಂಕೆ ಕೆಟ್ಟರೆ ಅದನ್ನು ಪತ್ತೆಹಚ್ಚಿ ಮತ್ತೆ ತರಿಸಿಕೊಳ್ಳುವ ಏರ್ಪಾಡು ಇರುತ್ತದೆ. ಮೆಮೊರಿಯ ವೇಗವನ್ನು ಅತಿಯಾಗಿ ಏರಿಸಿದಾಗ ತೆರೆ ಶುಭ್ರವಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಕಾರ್ಡು ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತ, ಮೊದಲಿಗಿಂತ ಹಿಂದೆ ಬಿದ್ದಿರುತ್ತದೆ. ಅಂಕೆ ಏರಿದೆ, ಕೆಲಸ ಇಳಿದಿದೆ. ಇನ್ನು ಚಿಪ್ಪಿನ ಒಳಗೇ ಲೆಕ್ಕ ತಪ್ಪಿದರೆ ಅದನ್ನು ಹಿಡಿಯುವವರು ಯಾರೂ ಇಲ್ಲದಿರಬಹುದು. ಆಟದಲ್ಲಿ ಒಂದು ಚುಕ್ಕೆ ಕ್ಷಣಮಾತ್ರ ಕೆಂಪಾಗಬೇಕಾದದ್ದು ನೀಲಿಯಾದರೆ ಲೋಕ ಮುಳುಗದು. ಆದರೆ ಇವೇ ಕಾರ್ಡುಗಳು ಇಂದು ವಿಜ್ಞಾನದ ಲೆಕ್ಕಗಳನ್ನೂ ಮಾಡುತ್ತವೆ. ಅಲ್ಲಿ ತಪ್ಪಿದ ಅಂಕೆ ಸರಿಯಾದ ಅಂಕೆಯ ವೇಷದಲ್ಲೇ ಮುಂದೆ ಹೋಗುತ್ತದೆ.

ಹಾಗಾದರೆ ಪಾಸಾಯಿತು ಎಂದರೆ ತಿಳಿದದ್ದೇನು? ಜನವರಿಯ ಒಂದು ರಾತ್ರಿ, ದೂಳು ಒರೆಸಿದ ಪೆಟ್ಟಿಗೆಯಲ್ಲಿ, ಒಂದು ಗಂಟೆಯ ಹೊತ್ತು ಅದು ನಿಂತಿತು ಎಂದಷ್ಟೆ. ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 42, 43 ಡಿಗ್ರಿ. ಮೇಲೆ ಸುಣ್ಣಕಲ್ಲಿನ ಸೀಮೆಯ ಬಿಳಿ ದೂಳು. ಒಂದೇ ತಿಂಗಳಿಗೆ ಫ್ಯಾನಿನ ರೆಕ್ಕೆಗೆ ವಿಭೂತಿ ಬಳಿದಂತೆ ಕೂತಿರುತ್ತದೆ. ಚಳಿಗಾಲದಲ್ಲಿ ಪಡೆದ ಪ್ರಮಾಣಪತ್ರ ಬೇಸಗೆಯಲ್ಲಿ ನಡೆಯುವ ನಾಣ್ಯವಲ್ಲ.

ಇಲ್ಲಿ ಶಹಾಬಾದ ಮತ್ತೆ ನೆನಪಾಗುತ್ತದೆ, ಕಲ್ಲಿಗಾಗಿ ಅಲ್ಲ, ಬಾಯ್ಲರುಗಳಿಗಾಗಿ. ಎಸಿಸಿ–ವಿಕರ್ಸ್–ಬ್ಯಾಬ್‌ಕಾಕ್ ಕಾರ್ಖಾನೆಯಿಂದ ಆ ಊರು ಬಾಯ್ಲರಿನ ಊರೂ ಆಗಿತ್ತು. 1950ರ ಭಾರತೀಯ ಬಾಯ್ಲರ್ ನಿಯಮಗಳಂತೆ, ಹೊಸ ಬಾಯ್ಲರಿಗೆ ನೀರು ತುಂಬಿ, ಅದು ಮುಂದೆ ಕೆಲಸ ಮಾಡಬೇಕಾದ ಒತ್ತಡದ ಸಾಮಾನ್ಯವಾಗಿ ಒಂದೂವರೆ ಪಟ್ಟು ಒತ್ತಡ ಕೊಟ್ಟು ನೋಡುತ್ತಾರೆ. ಉಗಿಯ ಬದಲು ನೀರೇಕೆಂದರೆ, ನೀರು ಉಗಿಯಂತೆ ಕುಗ್ಗಿ ಹಿಗ್ಗುವುದಿಲ್ಲ. ಒಡಕಿದ್ದರೆ ಸೋರುತ್ತದೆಯೇ ಹೊರತು ಸಿಡಿದು ಜನರನ್ನು ಕೊಲ್ಲುವ ಭಯ ಬಹಳ ಕಡಿಮೆ. ಒಂದೂವರೆಗೆ ನಿಂತದ್ದು ಒಂದಕ್ಕೆ ದುಡಿಯುತ್ತದೆ. ನಡುವಿನ ಅರ್ಧವನ್ನು ಯಾರೂ ವ್ಯರ್ಥ ಎನ್ನುವುದಿಲ್ಲ. ಬಾಯ್ಲರಿನ ಪಕ್ಕದಲ್ಲಿ ನಿಂತವನ ಆಯುಸ್ಸು ಆ ಅರ್ಧದಲ್ಲಿದೆ. ಅವಸರದ ಹುಡುಗನಾದರೆ ಪರೀಕ್ಷೆಗೆ ನಿಂತ ಕೊನೆಯ ಮೆಟ್ಟಿಲಿನಲ್ಲೇ ಸಂಸಾರ ಹೂಡುತ್ತಾನೆ. ತಿಳಿದವರು ಎರಡು ಮೆಟ್ಟಿಲು ಕೆಳಗಿಳಿದು ಬರುತ್ತಾರೆ.

ಆ ಅರ್ಧವನ್ನು ಖರ್ಚುಮಾಡುವ ಹಕ್ಕು ಯಾರದು? ನನ್ನ ಕಾರ್ಡು, ನನ್ನ ಆಟ, ಸುಟ್ಟರೆ ನನ್ನ ನಷ್ಟ ಎನ್ನುವವನೊಡನೆ ನನಗೆ ತಕರಾರಿಲ್ಲ. ಆದರೆ ವಸ್ತು ಕೈ ಬದಲಾಯಿಸುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿತ್ತಾಪುರದಲ್ಲಿ ಮದುವೆ ವಿಡಿಯೋಗಳ ಕೆಲಸ ಮಾಡುತ್ತಾನೆ. ಎರಡು ವರ್ಷ ವೋಲ್ಟೇಜು ಏರಿಸಿ ದುಡಿಸಿಕೊಂಡ ಕಾರ್ಡನ್ನು ಮಾರಲು ಹೊರಟಿದ್ದ. “ಕಾರ್ಡು ಚಲೋ ಅದ ರೀ ಸರ, ಟೆಸ್ಟ್ ಪಾಸ್ ಆಗ್ಯದ. ಕೇಳಿದ್ರ ಹೇಳ್ತೀನಿ, ಕೇಳಲಿಲ್ಲಂದ್ರ ನಾನಾಗೇ ಯಾಕ ಹೇಳ್ಬೇಕ್ರಿ?” ಎಂದ.

ಸುಳ್ಳು ಹೇಳುವ ಹುಡುಗನಲ್ಲ, ಪಾಸಾದದ್ದು ನಿಜವೇ. ಕೊಳ್ಳುವವನು ಹಣ ಕೊಡುವುದು ಈ ಹೊತ್ತಿನ ವೇಗಕ್ಕೆ ಮಾತ್ರವಲ್ಲ, ಒಳಗೆ ಉಳಿದಿದೆಯೆಂದು ತಾನು ನಂಬಿದ ಬಲಕ್ಕೂ ಕೂಡ. ಹೆಚ್ಚಿನ ವೋಲ್ಟೇಜು, ಹೆಚ್ಚಿನ ಕಾವು ಚಿಪ್ಪನ್ನು ಬೇಗ ಸವೆಸುತ್ತವೆ, ಆ ಸವೆತ ಯಾವ ಪರೀಕ್ಷೆಯ ತೆರೆಯ ಮೇಲೂ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಬಿರುಕನ್ನು ಕೊಳ್ಳುವವನೇ ನೋಡಿಕೊಳ್ಳಲಿ ಎನ್ನಬಹುದು. ಕಾಣದ್ದನ್ನು ಬಲ್ಲವನು ಒಬ್ಬನೇ ಇರುವಾಗ, ಕೇಳಲಿ ಎಂದು ಅವನು ಕಾಯುವುದು ಹೇಗೆ? ಏನು ಕೇಳಬೇಕೆಂಬುದೇ ಎದುರಿನವನಿಗೆ ತಿಳಿಯದು. ನಾನು ಇದನ್ನೇ ಅವನಿಗೆ ಹೇಳಿದೆ. ಒಪ್ಪಿದನೋ, ಮೇಷ್ಟರೆಂದು ಸುಮ್ಮನಾದನೋ ಆಗ ಗೊತ್ತಾಗಲಿಲ್ಲ.

ಆಮೇಲೆ ತಿಳಿಯಿತು: ಚಿಂಚೋಳಿಯಿಂದ ಬಂದ ಹುಡುಗನಿಗೆ ಎಲ್ಲವನ್ನೂ ಹೇಳಿದನಂತೆ. ಆತ ಐನೂರು ರೂಪಾಯಿ ಕಡಿಮೆ ಮಾಡಿಸಿಕೊಂಡು ಕಾರ್ಡನ್ನು ತೆಗೆದುಕೊಂಡ. ಹೋಗುವಾಗ, ಎಷ್ಟಕ್ಕೆ ಏರಿಸಿದ್ದಿರಿ, ಆ ಅಂಕೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ ಪಡೆದು ಜೇಬಿನಲ್ಲಿಟ್ಟುಕೊಂಡನಂತೆ.