ನಂಬುವುದು ಯಾರ ಮಾತನ್ನು?

2020ರ ಮಾರ್ಚ್‌ನಲ್ಲಿ ಸಿಂಗಪುರ ಸರ್ಕಾರ ಟ್ರೇಸ್‌ಟುಗೆದರ್ ಎಂಬ ಆ್ಯಪ್ ಹೊರತಂದಿತು. ಕೋವಿಡ್ ತಗುಲಿದವರ ಹತ್ತಿರ ಯಾರ್ಯಾರು ಇದ್ದರೆಂಬುದನ್ನು ಬ್ಲೂಟೂತ್ ಮೂಲಕ ಫೋನೇ ಗುರುತಿಟ್ಟುಕೊಳ್ಳುವ ವ್ಯವಸ್ಥೆ ಅದು. ಜನರ ಅನುಮಾನ ನೀಗಲೆಂದು ಮರುತಿಂಗಳೇ ಅದರ ತಿರುಳಿನ ಕೋಡನ್ನು ಓಪನ್ ಸೋರ್ಸ್ ಮಾಡಲಾಯಿತು. ಮಾಹಿತಿ ಸೋಂಕಿನ ಪತ್ತೆಗಷ್ಟೇ ಬಳಕೆಯಾಗುತ್ತದೆಂದು ಸಚಿವರು ಮಾತೂ ಕೊಟ್ಟರು. 2021ರ ಜನವರಿಯಲ್ಲಿ ಸಂಸತ್ತಿನಲ್ಲಿ ಬೇರೆಯೇ ಸಂಗತಿ ಹೊರಬಿತ್ತು: ಅಪರಾಧ ಪ್ರಕ್ರಿಯಾ ಸಂಹಿತೆಯಡಿ ಪೊಲೀಸರು ಆ ಮಾಹಿತಿಯನ್ನು ತರಿಸಿಕೊಳ್ಳಬಹುದಿತ್ತು, ಕೊಲೆ ಪ್ರಕರಣವೊಂದರ ತನಿಖೆಗೆ ಬಳಸಿಯೂ ಆಗಿತ್ತು. ಕೋಡನ್ನು ಸಾಲುಸಾಲಾಗಿ ಓದಿದವರಿಗೂ ಇದು ಕಾಣುವಂತಿರಲಿಲ್ಲ. ಆ ಅಧಿಕಾರ ಇದ್ದದ್ದು ಕಾನೂನಿನ ಪುಸ್ತಕದಲ್ಲಿ.

ಖಾಸಗಿತನ ಕಾಯುತ್ತೇನೆನ್ನುವ ಆ್ಯಪ್‌ನ ಕೋಡ್ ಎಲ್ಲರಿಗೂ ತೆರೆದಿರಬೇಕೆಂಬ ವಾದ ಗಟ್ಟಿಯಾದದ್ದೇ. ‘ನಿಮ್ಮ ಮಾಹಿತಿ ಸುರಕ್ಷಿತ’ ಎಂದು ಯಾರು ಬೇಕಾದರೂ ಹೇಳಿಯಾರು. ಕೋಡ್ ಕೈಗೆ ಸಿಕ್ಕರೆ ಆ ಮಾತನ್ನು ಒರೆಗೆ ಹಚ್ಚಬಹುದು. ಆದರೆ ಹಚ್ಚುವವರು ಯಾರು? ಬಳಕೆದಾರರಲ್ಲಿ ಬಹುಪಾಲು ಜನ ಒಂದು ಸಾಲು ಕೋಡನ್ನೂ ಓದುವುದಿಲ್ಲ. ಅವರ ಪಾಲಿಗೆ ಇದು ಪ್ರತ್ಯಕ್ಷ ಪ್ರಮಾಣವಾಗದು. ಬಲ್ಲವರ ಮಾತೇ ಅವರಿಗೆ ಗತಿ.

ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನ ಬಲ್ಲವರ ಮಾತನ್ನು ಕೀಳೆಂದು ತಳ್ಳಲಿಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನಗಳ ಸಾಲಿನಲ್ಲೇ ಆಪ್ತವಾಕ್ಯಕ್ಕೂ ಪ್ರಮಾಣದ ಪಟ್ಟ ಕೊಟ್ಟಿತು. ಆಪ್ತ ಯಾರೆಂಬುದಕ್ಕೆ ಅದರ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉತ್ತರ ಇಂದಿಗೂ ಬೆರಗು ಹುಟ್ಟಿಸುತ್ತದೆ: ವಿಷಯವನ್ನು ನೇರವಾಗಿ ಕಂಡುಕೊಂಡಿರಬೇಕು, ಕಂಡದ್ದನ್ನು ಕಂಡಂತೆಯೇ ತಿಳಿಸುವ ಬಯಕೆಯಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎನ್ನುತ್ತಾನೆ ಆತ. ಕುಲ, ಪದವಿ ಲೆಕ್ಕಕ್ಕಿಲ್ಲ. ಕೋಡ್ ತೆರೆದಾಗಲೂ ಹೀಗೆಯೇ. ತಯಾರಕರಷ್ಟೇ ಮಾತಾಡುತ್ತಿದ್ದ ಕಡೆ, ಅವರ ಸಂಬಳದ ಹಂಗಿಲ್ಲದ ಅಪರಿಚಿತನೊಬ್ಬ ನೋಡಿ ಹೇಳುವ ಅವಕಾಶ ಹುಟ್ಟುತ್ತದೆ. ಅವಕಾಶವಷ್ಟೇ: ಗೂಢಲಿಪಿ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ದೋಷ 2012ರಿಂದ 2014ರವರೆಗೆ ತೆರೆದ ಕೋಡಿನಲ್ಲೇ ಬಯಲಾಗದೆ ಕೂತಿತ್ತು.

ಭಾರತದ ಕೋವಿಡ್ ಆ್ಯಪ್ ಆರೋಗ್ಯ ಸೇತು ಬಂದದ್ದು 2020ರ ಏಪ್ರಿಲ್ 2ರಂದು. ಆಂಡ್ರಾಯ್ಡ್ ಆ್ಯಪ್‌ನ ಕೋಡ್ ಮೇ 26ರಂದು ಬಹಿರಂಗವಾಯಿತು, ಸರ್ವರ್‌ನದ್ದು ನವೆಂಬರಿನಲ್ಲಿ. ಫೋನಿನಿಂದ ಏನು ಹೊರಟಿತೆಂದು ಮೊದಲನೆಯದು ಹೇಳೀತು. ಹೋದದ್ದು ಯಾರ ಕೈ ಸೇರಿತೆಂದು ಹೇಳಲಾರದು. ಆ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಹೋಯಿತು. ಬಳಕೆದಾರರ ಸಮ್ಮತಿಯಿಲ್ಲದೆ ಮಾಹಿತಿ ಹಂಚಬಾರದೆಂದು 2021ರ ಜನವರಿಯಲ್ಲಿ ಮಧ್ಯಂತರ ಆದೇಶ ಬಂತು.

ಸಂದೇಶ ಕಳಿಸುವ ಆ್ಯಪ್ ಸಿಗ್ನಲ್ ಹಿಡಿದ ದಾರಿ ಬೇರೆ. 2016ರಲ್ಲಿ ಅಮೆರಿಕದ ವರ್ಜೀನಿಯಾದ ಗ್ರ್ಯಾಂಡ್ ಜ್ಯೂರಿಯೊಂದರಿಂದ ಅದಕ್ಕೆ ಸಮನ್ಸ್ ಬಂತು. ಎರಡು ಫೋನ್ ನಂಬರುಗಳ ವಿವರ ಬೇಕಿತ್ತು. ಒಂದಕ್ಕೆ ಖಾತೆಯೇ ಇರಲಿಲ್ಲ. ಇನ್ನೊಂದಕ್ಕೆ ಸಿಗ್ನಲ್ ಕೊಟ್ಟದ್ದು ಎರಡೇ ಅಂಶ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಅದರ ಬಳಿ ಇದ್ದದ್ದೇ ಅಷ್ಟು. ತೆರೆದ ಕೋಡಿಗೆ ನಿಜವಾದ ತೂಕ ಬರುವುದು ಇಂಥಲ್ಲಿ. ‘ಯಾರಿಗೂ ಕೊಡುವುದಿಲ್ಲ’ ಎಂಬ ಸಂಕಲ್ಪವನ್ನು ಯಾವ ಕೋಡೂ ತೋರಿಸಲಾರದು. ಸಂದೇಶಕ್ಕೆ ಫೋನಿನಲ್ಲೇ ಬೀಗ ಬೀಳುತ್ತದೆ, ಅದರ ಕೀಲಿ ಸರ್ವರ್‌ಗೆ ಹೋಗುವುದಿಲ್ಲ ಎಂಬುದನ್ನು ತೋರಿಸಬಲ್ಲದು. ಪ್ರಕಟಿಸಿದ ಕೋಡಿನಿಂದಲೇ ಆಂಡ್ರಾಯ್ಡ್ ಆ್ಯಪ್ ತಯಾರಾಗಿದೆಯೇ ಎಂದು ಹೊರಗಿನವರು ತಾಳೆ ನೋಡುವ ಏರ್ಪಾಡನ್ನೂ ಸಿಗ್ನಲ್ ಅದೇ ವರ್ಷ ಮಾಡಿತು.

ಅದೇ ಸಿಗ್ನಲ್ 2020ರ ಏಪ್ರಿಲಿನಿಂದ ಸುಮಾರು ಒಂದು ವರ್ಷ ಸರ್ವರ್ ಕೋಡಿನ ಹೊಸ ಆವೃತ್ತಿಯನ್ನು ಪ್ರಕಟಿಸಲಿಲ್ಲ. ಸಂದೇಶಗಳ ಗೂಢಲಿಪಿಗೆ ಅದರಿಂದ ಧಕ್ಕೆಯಿರಲಿಲ್ಲ, ನಿಜ. ಆದರೆ ವಾತ್ಸ್ಯಾಯನ ಕೇಳುವ ಎರಡನೆಯ ಗುಣದಲ್ಲಿ, ಇದ್ದದ್ದನ್ನು ತಿಳಿಸುವ ಬಯಕೆಯಲ್ಲಿ, ಅದು ತಪ್ಪಿತು. ಬಳಕೆದಾರರು ಬಿಡದೆ ಪ್ರಶ್ನಿಸಿದ್ದು ನ್ಯಾಯವೇ ಆಗಿತ್ತು. 2021ರ ಏಪ್ರಿಲಿನಲ್ಲಿ ಕೋಡ್ ಮತ್ತೆ ಹೊರಬಂತು.