ಚಿತ್ರ ಸಂಯೋಜನೆ ಮತ್ತು ಕರ್ತೃತ್ವದ ಪ್ರಶ್ನೆ

ಚೌಕಟ್ಟಿನೊಳಗೆ ಏನಿರಬೇಕು, ಏನಿರಬಾರದು, ಇರುವುದು ಎಲ್ಲಿ, ಎಷ್ಟು ಜಾಗ ಹಿಡಿಯಬೇಕು ಎಂಬ ನಿರ್ಧಾರಗಳನ್ನೆಲ್ಲ ಒಟ್ಟಾಗಿ ಛಾಯಾಗ್ರಹಣದಲ್ಲಿ ಸಂಯೋಜನೆ ಎನ್ನುತ್ತಾರೆ. ಚಿತ್ರಕಾರನ ಮುಂದಿರುವುದು ಖಾಲಿ ಹಾಳೆ. ಅದರ ಮೇಲೆ ಮೂಡುವ ಪ್ರತಿ ಗೆರೆಯೂ ಅವನು ಎಳೆದದ್ದೇ. ಛಾಯಾಗ್ರಾಹಕನ ಮುಂದಿನ ಲೋಕವಾದರೋ ಮೊದಲೇ ತುಂಬಿಕೊಂಡಿರುತ್ತದೆ. ನಿಲ್ಲುವ ಜಾಗ, ಲೆನ್ಸಿನ ಆಯ್ಕೆ, ಗುಂಡಿ ಒತ್ತುವ ಗಳಿಗೆ ಇಂಥ ಕೆಲವು ಮಾತ್ರ ಅವನ ಕೈಯಲ್ಲಿವೆ. ಸೆಕೆಂಡಿನ 125ನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದರೂ ಅವನು ಗಮನಿಸಿದ್ದು, ಗಮನಿಸದೆ ಬಿಟ್ಟದ್ದು ಎರಡೂ ಒಟ್ಟಿಗೇ ದಾಖಲಾಗುತ್ತವೆ. ಹಾಗಿದ್ದರೆ ಚಿತ್ರದಲ್ಲಿ ಕಾಣುವ ವ್ಯವಸ್ಥೆ ಲೋಕದಲ್ಲೇ ಇತ್ತೋ, ನೋಡಿದವನು ಹೇರಿದ್ದೋ? ಸಂಯೋಜನೆಯನ್ನು ಕಲಿಸಬಹುದೇ, ಕಲಿಸಬಹುದಾದರೆ ಕಲಿಸುವುದು ಏನನ್ನು ಎಂಬುದು ಈ ಪ್ರಶ್ನೆಗೆ ಕೊಡುವ ಉತ್ತರವನ್ನು ಅವಲಂಬಿಸಿದೆ.

ಹೊಸದಾಗಿ ಕಲಿಯುವವರಿಗೆ ಮೊದಲು ಸಿಗುವುದು ನಿಯಮಗಳು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ರೂಲ್ ಆಫ್ ಥರ್ಡ್ಸ್’: ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಸಮಭಾಗ ಮಾಡಿ, ಗೆರೆಗಳು ಕೂಡುವ ನಾಲ್ಕು ಬಿಂದುಗಳಲ್ಲಿ ಒಂದರ ಬಳಿ ಮುಖ್ಯ ವಸ್ತುವನ್ನು ಇಡಬೇಕು. ಕಣ್ಣನ್ನು ಒಳಕ್ಕೆ ಕರೆದೊಯ್ಯುವ ಗೆರೆಗಳು, ಬಾಗಿಲು ಕಮಾನುಗಳು ಕಟ್ಟಿಕೊಡುವ ಒಳಚೌಕಟ್ಟು, ವಸ್ತುವಿನ ಸುತ್ತ ಬಿಡುವ ಬಯಲು ಇವು ಇನ್ನು ಕೆಲವು. ಮೂರನೇ ಒಂದು ಭಾಗದ ಈ ಸೂತ್ರ ಕ್ಯಾಮೆರಾಕ್ಕಿಂತ ಹಳೆಯದು. ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಹಳ್ಳಿಗಾಡಿನ ದೃಶ್ಯಗಳನ್ನು ಕುರಿತ ಪುಸ್ತಕದಲ್ಲಿ ನೆಲ, ಆಕಾಶ, ಬೆಳಕು, ನೆರಳುಗಳ ಪ್ರಮಾಣವನ್ನು ಹೇಳುವಾಗ ಇದಕ್ಕೆ ಹೆಸರಿಟ್ಟ. ಎಲ್ಲವನ್ನೂ ನಟ್ಟನಡುವೆ ಇಟ್ಟು ಅಂಚುಗಳನ್ನು ಮರೆತುಬಿಡುವ ಅಭ್ಯಾಸವನ್ನು ಇಂಥ ನಿಯಮಗಳು ಬಿಡಿಸುತ್ತವೆ. ಆದರೆ ನಿಯಮ ಪಾಲಿಸಿದ ಚಿತ್ರ ಸಪ್ಪೆಯಾಗಬಹುದು, ಮೀರಿದ್ದು ಮನಸ್ಸಿನಲ್ಲಿ ನಿಲ್ಲಬಹುದು.

ಹೀಗೇಕೆ ಎಂಬುದಕ್ಕೆ ಜರ್ಮನಿಯ ತತ್ತ್ವಜ್ಞ ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಪ್ರಕಟಿಸಿದ ಸೌಂದರ್ಯವಿಚಾರದ ಗ್ರಂಥದಲ್ಲಿ ಒಂದು ಉತ್ತರವಿದೆ. ಒಂದು ವಸ್ತು ಸುಂದರವೆಂದು ಯಾರನ್ನಾದರೂ ಬಲವಂತವಾಗಿ ಒಪ್ಪಿಸಬಲ್ಲ ನಿಯಮ ಯಾವುದೂ ಇಲ್ಲ. ಪ್ರತಿಭೆಯೇ ಕಲೆಗೆ ನಿಯಮ ಕೊಡುತ್ತದೆ ಎಂಬುದು ಅವನ ವಾದ. ಆದರೂ ಪ್ರತಿಭೆ ಒದಗಿಸುವ ಸಾಮಗ್ರಿಗೆ ರೂಪ ಕೊಡಲು ಶಿಕ್ಷಣದಿಂದ ಪಳಗಿದ ಸಾಮರ್ಥ್ಯ ಬೇಕೇ ಬೇಕು ಎಂದೂ ಅವನು ಹೇಳುತ್ತಾನೆ. ಈ ದೃಷ್ಟಿಯಲ್ಲಿ ಸಂಯೋಜನೆಯ ನಿಯಮಗಳು ಚೆಲುವಿಗೆ ಕಾರಣಗಳಲ್ಲ. ಹಿಂದೆ ಗೆದ್ದ ಚಿತ್ರಗಳಿಂದ ಹೆಕ್ಕಿ ತೆಗೆದ ಸಾರಾಂಶಗಳು.

ಭಾರತೀಯ ಕಾವ್ಯಮೀಮಾಂಸೆ ಇದೇ ಪ್ರಶ್ನೆಯನ್ನು ಕಲಿಯುವವನ ಕಡೆಯಿಂದ ಎತ್ತಿಕೊಂಡಿತು. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಒಟ್ಟುಗೂಡಿದಾಗ ಆಗುವ ಒಂದೇ ಕಾರಣ ಎಂದು ಸ್ಪಷ್ಟಪಡಿಸುತ್ತಾನೆ. ಶಕ್ತಿ ಎಂದರೆ ಒಳಗಿರುವ ಬೀಜ. ಲೋಕವನ್ನೂ ಶಾಸ್ತ್ರವನ್ನೂ ಕಾವ್ಯಗಳನ್ನೂ ನೋಡಿ ಬರುವುದು ನಿಪುಣತೆ. ಕಾವ್ಯ ಬಲ್ಲವರ ಬಳಿ ಕಲಿತು ಮತ್ತೆ ಮತ್ತೆ ಮಾಡುವುದು ಅಭ್ಯಾಸ. ಈ ವಿಭಾಗ ಛಾಯಾಗ್ರಹಣಕ್ಕೆ ಸಲೀಸಾಗಿ ಹೊಂದುತ್ತದೆ. ಅಪರ್ಚರ್ ಹಿರಿದಾದರೆ ಫೋಕಸ್‌ನಲ್ಲಿರುವ ಪದರ ತೆಳುವಾಗುತ್ತದೆ, ಶಟರ್ ನಿಧಾನವಾದರೆ ಚಲನೆ ಮಸುಕಾಗುತ್ತದೆ ಎಂಬ ತಿಳಿವಳಿಕೆ ಬೆರಳಿಗೆ ಇಳಿಯುವುದು ಅಭ್ಯಾಸದಿಂದ. ಯಾವ ಹೊತ್ತಿನ ಬಿಸಿಲು ಯಾವ ಗೋಡೆಯ ಮೇಲೆ ಹೇಗೆ ಬೀಳುತ್ತದೆ, ಸಂತೆಯಲ್ಲಿ ಚೌಕಾಸಿ ಮಾಡುವವರ ಕೈ ಯಾವಾಗ ಮೇಲೇಳುತ್ತದೆ ಎಂಬುದು ಲೋಕವನ್ನು ನೋಡಿ ಬರುವ ನಿಪುಣತೆ. ಇವೆರಡನ್ನೂ ಕಲಿಸಬಹುದು, ಶಕ್ತಿಯನ್ನು ಕಲಿಸಲಾಗದು. ಆದರೆ ಉಳಿದೆರಡು ಇಲ್ಲದಿದ್ದರೆ ಅದು ಇದೆಯೋ ಇಲ್ಲವೋ ತಿಳಿಯುವುದೂ ಇಲ್ಲ.

ಇಪ್ಪತ್ತನೆಯ ಶತಮಾನದ ಇಬ್ಬರು ಛಾಯಾಗ್ರಾಹಕರ ಬದುಕಿನಲ್ಲಿ ಶಿಸ್ತು ಮತ್ತು ಧ್ಯಾನ ಜೊತೆಜೊತೆಯಾಗಿ ಕಾಣುತ್ತವೆ. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸಾನ್ 1927ರಿಂದ ಚಿತ್ರಕಾರ ಆಂದ್ರೆ ಲೋತ್ ಅವರಲ್ಲಿ ಕಲಿತರು. ಅಲ್ಲಿ ದೊರೆತ ಜ್ಯಾಮಿತಿಯ ಕಟ್ಟುನಿಟ್ಟು ಅವರ ಲೈಕಾ ಕ್ಯಾಮೆರಾದ ಚಿತ್ರಗಳಲ್ಲಿ ಕೊನೆಯವರೆಗೂ ಉಳಿಯಿತು. ತೆಗೆದ ಚಿತ್ರದ ಅಂಚನ್ನು ಆಮೇಲೆ ಕತ್ತರಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಅವರೇ ಜಪಾನಿನ ಬಿಲ್ಲುವಿದ್ಯೆ ಮತ್ತು ಝೆನ್ ಕುರಿತ ಓಯ್ಗನ್ ಹೆರಿಗೆಲ್‌ರ ಪುಸ್ತಕವನ್ನು ತಮ್ಮ ಕೆಲಸಕ್ಕೆ ಬಹಳ ಹತ್ತಿರವಾದದ್ದೆಂದು ಭಾವಿಸಿದ್ದರು. ‘ನಾನು’ ಬಾಣ ಬಿಡುತ್ತೇನೆಂಬ ಭಾವ ಅಳಿದಾಗಲೇ ಬಾಣ ಸರಿಯಾಗಿ ಹೊರಡುತ್ತದೆ ಎಂಬುದು ಆ ಪುಸ್ತಕದ ತಿರುಳು.

ಅಮೆರಿಕದ ಮೈನರ್ ವೈಟ್ (1908–1976) ಇದನ್ನೇ ಪಾಠಕ್ರಮವಾಗಿಸಿದರು. ಸ್ಯಾನ್ ಫ್ರಾನ್ಸಿಸ್ಕೊ, ರಾಚೆಸ್ಟರ್‌ಗಳಲ್ಲೂ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲೂ ಕಲಿಸಿದ ಅವರು ಕ್ರೈಸ್ತ ಅನುಭಾವದಿಂದ ಝೆನ್‌ವರೆಗೆ ಹಲವು ಮಾರ್ಗಗಳಿಂದ ಪ್ರೇರಣೆ ಪಡೆದವರು. ಚಿತ್ರವನ್ನು ನೋಡುವ ಮೊದಲು ಕಣ್ಣು ಮುಚ್ಚಿ ಮನಸ್ಸನ್ನು ತಿಳಿಗೊಳಿಸಿಕೊಳ್ಳುವಂತೆ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಅದೇ ವೇಳೆ, ಆ್ಯನ್ಸೆಲ್ ಆ್ಯಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ ‘ಝೋನ್ ಸಿಸ್ಟಮ್’ ಅನ್ನು, ಅಂದರೆ ಕಡುಕಪ್ಪಿನಿಂದ ಅಚ್ಚಬಿಳುಪಿನವರೆಗೆ 11 ಮೆಟ್ಟಿಲುಗಳಲ್ಲಿ ಬೆಳಕನ್ನು ಅಳೆಯುವ ವಿಧಾನವನ್ನು, ಕಟ್ಟುನಿಟ್ಟಾಗಿ ಕಲಿಸಿ ಅದರ ಕೈಪಿಡಿಯನ್ನೂ ಬರೆದರು. ಅಳತೆ ರೂಢಿಯಾದರೆ ಗಮನಕ್ಕೆ ಬಿಡುವು ಸಿಗುತ್ತದೆ. ತಂತ್ರ ಬಾರದವರ ಗಮನವೆಲ್ಲ ಉಪಕರಣದ ಮೇಲೆಯೇ ಇರುವುದರಿಂದ ಅವರ ಧ್ಯಾನಕ್ಕೆ ನೆಲೆಯಿಲ್ಲ.

ಹಾಗಾದರೆ ಛಾಯಾಗ್ರಾಹಕ ಕರ್ತೃವಲ್ಲವೇ? ಅಹಂಕಾರ ಅಳಿಯಬೇಕೆಂಬ ಮಾತನ್ನು ‘ಚಿತ್ರ ತಾನಾಗಿ ಆಯಿತು’ ಎಂಬಲ್ಲಿಗೆ ಎಳೆಯುವುದು ಸುಲಭ. ಭಗವದ್ಗೀತೆಯ 18ನೇ ಅಧ್ಯಾಯ ಇಲ್ಲಿ ಹೆಚ್ಚು ನಿಖರವಾದ ವಿಶ್ಲೇಷಣೆ ಕೊಡುತ್ತದೆ. ಯಾವ ಕರ್ಮಕ್ಕಾದರೂ ಐದು ಕಾರಣಗಳು: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ತಾನೊಬ್ಬನೇ ಕರ್ತೃವೆಂದು ತಿಳಿದವನ ತಿಳಿವು ಸರಿಯಲ್ಲ ಎಂದು ಅದು ಮುಂದುವರಿಸುತ್ತದೆ. ಅಧಿಷ್ಠಾನವೆಂದರೆ ದೇಹವೆಂದು ಭಾಷ್ಯಕಾರರು ಅರ್ಥ ಹೇಳುತ್ತಾರೆ. ಛಾಯಾಚಿತ್ರದ ಮಟ್ಟಿಗೆ ಅದು ಆ ದೇಹ ನಿಂತ ನಿಲುವು. ಕರಣ ಕ್ಯಾಮೆರಾ ಮತ್ತು ಕಣ್ಣು. ಚೇಷ್ಟೆ ಬಾಗುವುದು, ಸರಿಯುವುದು, ಕಾಯುವುದು. ದೈವ ಮೋಡ ಸರಿದ ಗಳಿಗೆ, ಚೌಕಟ್ಟಿಗೆ ಹಾರಿಬಂದ ಹಕ್ಕಿ. ಕರ್ತೃವಿನ ಪಾಲು ಐದರಲ್ಲಿ ಒಂದು. ಅದು ಪೂರ್ತಿಯಲ್ಲ, ಸೊನ್ನೆಯೂ ಅಲ್ಲ. ನಿಯಮವೇ ಎಲ್ಲವೆಂದು ನಂಬಿದವರು ಉಳಿದ ನಾಲ್ಕನ್ನು ಮರೆಯುತ್ತಾರೆ. ಎಲ್ಲವೂ ತಾನಾಗಿ ಆಗುತ್ತದೆಂದವರು ತಮ್ಮ ಪಾಲಿನಿಂದ ನುಣುಚಿಕೊಳ್ಳುತ್ತಾರೆ.

ನುಣುಚಿಕೊಳ್ಳಲಾಗದು ಎಂಬುದಕ್ಕೆ ಆರ್ಥರ್ ರಾಥ್‌ಸ್ಟೀನ್ ಪ್ರಕರಣ ಸಾಕ್ಷಿ. 1936ರ ಬರಗಾಲದಲ್ಲಿ ಅಮೆರಿಕ ಸರ್ಕಾರದ ಪರವಾಗಿ ದಕ್ಷಿಣ ಡಕೋಟಾದಲ್ಲಿ ಚಿತ್ರ ತೆಗೆಯುತ್ತಿದ್ದ ಅವರು, ಬಿಸಿಲಿಗೆ ಬೆಳ್ಳಗಾಗಿದ್ದ ದನದ ತಲೆಬುರುಡೆಯೊಂದನ್ನು ಕೆಲವು ಅಡಿ ಸರಿಸಿ ಬಿರುಕುಬಿಟ್ಟ ನೆಲದ ಮೇಲೂ ಹುಲ್ಲಿನ ಮೇಲೂ ಇಟ್ಟು ತೆಗೆದರು. ಅದು ಚುನಾವಣೆಯ ವರ್ಷ. ಅಧ್ಯಕ್ಷ ರೂಸ್‌ವೆಲ್ಟ್ ವಿರೋಧಿ ಪತ್ರಿಕೆಗಳು ಚಿತ್ರವೇ ಸುಳ್ಳೆಂದು ಗದ್ದಲವೆಬ್ಬಿಸಿದವು. ಬರ ನಿಜವಾಗಿತ್ತು, ಬುರುಡೆಯೂ ನಿಜವಾಗಿತ್ತು. ಆದರೆ ದೈವದ ಪಾಲಿಗೆ ಸೇರಿದ್ದೆಂದು ನೋಡುಗರು ನಂಬಿದ್ದು ಕರ್ತೃವಿನ ಪಾಲಾಗಿತ್ತು. ಸ್ಥಿರವಸ್ತುವಿನ ಚಿತ್ರದಲ್ಲಿ ತಪ್ಪೆನಿಸದ ಕೆಲಸ ಸಾಕ್ಷ್ಯಚಿತ್ರದಲ್ಲಿ ನಂಬಿಕೆಯನ್ನು ಮುರಿಯುತ್ತದೆ. ಏನೂ ಸರಿಸದೆ ಒಂದು ಹೆಜ್ಜೆ ಎಡಕ್ಕೆ ನಿಂತು ಯಾರನ್ನೋ ಚೌಕಟ್ಟಿನಿಂದ ಹೊರಗಿಟ್ಟರೂ ಅದು ಆಯ್ಕೆಯೇ, ಅದಕ್ಕೂ ಹೊಣೆಯಿದೆ.

ಕಲಿಕೆಯ ಕ್ರಮ ಇದರಿಂದ ತಿಳಿಯಾಗುತ್ತದೆ. ಮೊದಲು ಒಂದೇ ಲೆನ್ಸು, ಒಂದೇ ಜಾಗ: ಕರಣವನ್ನೂ ಸ್ಥಳವನ್ನೂ ಬದಲಿಸದಿದ್ದರೆ ನಿಲುವು ಬದಲಾದಾಗ ಏನಾಗುತ್ತದೆಂಬುದು ಕಾಣುತ್ತದೆ. ಆಮೇಲೆ ಅಂಚುಗಳ ಪರೀಕ್ಷೆ: ಗುಂಡಿ ಒತ್ತುವ ಮುನ್ನ ನಾಲ್ಕೂ ಬದಿಗೆ ಕಣ್ಣು ಹಾಯಿಸುವುದರಿಂದ ಗಮನಿಸದೆ ಉಳಿದದ್ದು ಕಡಿಮೆಯಾಗುತ್ತದೆ. ಮೂರನೆಯದು ಕಾಯುವುದು: ಚೌಕಟ್ಟು ಸಿದ್ಧಮಾಡಿಕೊಂಡು ಆಕಸ್ಮಿಕಕ್ಕೆ ಎಡೆ ಬಿಡುವುದು. ಕೊನೆಯದು ಆಯ್ಕೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ರಚಿಸುವ ಕಾರಯಿತ್ರೀ, ಸವಿದು ಬೆಲೆಕಟ್ಟುವ ಭಾವಯಿತ್ರೀ ಎಂದು ಎರಡಾಗಿ ವಿಂಗಡಿಸುತ್ತಾನೆ. ತೆಗೆದ ಹತ್ತಾರು ಚಿತ್ರಗಳಲ್ಲಿ ಉಳಿಯಬೇಕಾದದ್ದನ್ನು ಆರಿಸುವಾಗ ಛಾಯಾಗ್ರಾಹಕನಿಗೆ ಬೇಕಾಗುವುದು ಎರಡನೆಯದು. ತಾನು ಉದ್ದೇಶಿಸಿದ್ದು ಯಾವುದು, ಒದಗಿಬಂದದ್ದು ಯಾವುದು ಎಂದು ಆಗ ಪ್ರಾಮಾಣಿಕವಾಗಿ ಬೇರ್ಪಡಿಸಿ ನೋಡಬಲ್ಲವರಿಗೆ ಮುಂದಿನ ಚಿತ್ರದಲ್ಲಿ ತಮ್ಮ ಪಾಲು ಎಷ್ಟೆಂಬುದು ಇನ್ನಷ್ಟು ಸ್ಪಷ್ಟವಾಗಿರುತ್ತದೆ.