ಇಂಧನ ಮತ್ತು ಅನ್ನ

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ನಮ್ಮ ಹಿರಿಯರ ಮನೆಗಳಲ್ಲಿ ಹೊಂಗೆಯೆಣ್ಣೆಯ ದೀಪ ಬೆಳಗುತ್ತಿತ್ತು. ಸಸ್ಯದಿಂದ ಇಂಧನ ಪಡೆಯುವುದು ಹೊಸ ವಿಚಾರವೇನಲ್ಲ. ಆದರೆ ಯಾವ ಸಸ್ಯದಿಂದ, ಯಾರ ಪಾಲಿನಿಂದ ಎಂಬುದು ಈಗ ಧರ್ಮದ ಪ್ರಶ್ನೆಯಾಗಿದೆ.

2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ತೈಲದ ಆಮದು ತಗ್ಗುವುದು, ರೈತನಿಗೆ ಬೆಲೆ ದೊರೆಯುವುದು ಸಣ್ಣ ಲಾಭಗಳಲ್ಲ. ಆದರೆ ಆ ಎಥೆನಾಲಿನ ಬಹುಭಾಗ ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ಬರುತ್ತದೆ. ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟ ಖಾತೆ ಸುಳ್ಳು ಖಾತೆಯೆಂಬುದನ್ನು ವ್ಯಾಪಾರಿಯಾದ ನಾನು ಬಲ್ಲೆ. ಕಬ್ಬು ಕುಡಿದ ನೀರು, ತಟ್ಟೆ ಬಿಟ್ಟು ಯಂತ್ರಕ್ಕೆ ಹೋದ ಧಾನ್ಯ ಈ ಖಾತೆಯ ಖರ್ಚಿನಲ್ಲಿ ಇರಲೇಬೇಕು.

ಹೊಂಗೆಯ ಲೆಕ್ಕ ಬೇರೆ. ಅದರ ಎಣ್ಣೆ ತಿನ್ನಲು ಬಾರದು. ಆದ್ದರಿಂದ ಯಾರ ಅನ್ನವನ್ನೂ ಕಸಿಯದು. ಹೊಲದ ಬದುವಿನಲ್ಲಿ ನಿಂತು ನೆರಳು ಕೊಡುತ್ತದೆ, ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ಹಿಂಡಿ ಗೊಬ್ಬರವಾಗುತ್ತದೆ. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನ ರೈತರಿಗೆ ಈ ಮಾರ್ಗವನ್ನೇ ತೋರಿದೆ. ಇಳುವರಿ ತಡ, ಬೀಜ ಆಯುವ ಶ್ರಮ ಹೆಚ್ಚು, ದೇಶದ ವಾಹನಗಳಿಗೆಲ್ಲ ಇದು ಸಾಲದು ಎಂಬುದೂ ನಿಜ.

ಲೇಶ್ಯೆಗಳ ದೃಷ್ಟಾಂತವನ್ನು ವಾಚಕರು ಬಲ್ಲರು. ಹಸಿದ ಆರು ಜನರಲ್ಲಿ ಒಬ್ಬನು ಮರವನ್ನು ಬುಡಸಹಿತ ಕಡಿಯಬಯಸಿದನು. ಕೊನೆಯವನು ಉದುರಿದ ಹಣ್ಣುಗಳೇ ಸಾಕೆಂದನು. ಹಸಿವು ಆರು ಮಂದಿಗೂ ಒಂದೇ ಆಗಿತ್ತು, ಭಾವ ಬೇರೆಯಾಗಿತ್ತು. ಉದುರಿದುದು ಸಾಲದಾದಾಗ ಕೊಡಲಿಯತ್ತ ಕೈಚಾಚುವ ಮೊದಲು ನಮ್ಮ ಹಸಿವನ್ನೇ ಅಳೆದುಕೊಳ್ಳಬೇಕು. ಅಗತ್ಯವಿಲ್ಲದ ಒಂದು ಪ್ರಯಾಣವನ್ನು ಬಿಟ್ಟವನು ಒಂದು ಹಿಡಿ ಧಾನ್ಯವನ್ನು ಉಳಿಸಿದಂತೆಯೇ ಸರಿ.